ಇರುವೆಗಳನ್ನು ಸಾಕಿದ ಬ್ಯಾಂಕರ್ – ಸರ್ ಜಾನ್ ಲಬಕ್

ಆನೆಗೆ ಆನೆ ಭಾರ, ಇರುವೆಗೆ ಇರುವೆ ಭಾರ ಎಂಬ ಗಾದೆಯನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇವೆ. ಆದರೆ ಇರುವೆಯ ಭಾರ ಎಷ್ಟು, ಅದರ ಆಯುಷ್ಯ ಎಷ್ಟು, ಅದಕ್ಕೆ ಕಿವಿ ಕೇಳಿಸುತ್ತದೆಯೇ, ತನ್ನವರು ಯಾರು ಪರರು ಯಾರು ಎಂದು ಅದಕ್ಕೆ ಹೇಗೆ ತಿಳಿಯುತ್ತದೆ ಎಂದು ನಮ್ಮಲ್ಲಿ ಎಷ್ಟು ಜನ ಯೋಚಿಸಿದ್ದೇವೆ? ಸಕ್ಕರೆ ಡಬ್ಬಿಯ ಮುಚ್ಚಳ ಸ್ವಲ್ಪ ಸಡಿಲವಾದರೆ ಸಾಕು, ಎಲ್ಲಿಂದಲೋ ಒಂದು ಸಾಲು ಬಂದುಬಿಡುತ್ತದೆ. ಕೂಡಲೇ ನಾವು ಅರಿಶಿನ ಪುಡಿಯನ್ನೋ ಔಷಧದ ಸ್ಪ್ರೇಯನ್ನೋ ಹುಡುಕುತ್ತೇವೆ. ಅಲ್ಲಿಗೆ ಇರುವೆಯ ಕಥೆ ಮುಗಿಯಿತು.

ಆದರೆ ಇರುವೆಗಳನ್ನು ಮನೆಯೊಳಗೆ ಕರೆದು, ಗಾಜಿನ ಮನೆ ಕಟ್ಟಿಸಿಕೊಟ್ಟು, ಜೇನುತುಪ್ಪ ಉಣಿಸಿ ಸಾಕುವ ಜನರೂ ಇದ್ದಾರೆ. ಇಂದು ಅನೇಕ ದೇಶಗಳಲ್ಲಿ ಇದೊಂದು ದೊಡ್ಡ ಹವ್ಯಾಸ. ಅವರಿಗೆಲ್ಲ ಬಹಳ ಪ್ರಿಯವಾದದ್ದು ಬಡಗಿ ಇರುವೆ. ನಮ್ಮ ಊರುಗಳಲ್ಲಿ ಮಾವಿನ ಮರದ ಬುಡದಲ್ಲಿ ಸಾಲಾಗಿ ಓಡಾಡುವ ದೊಡ್ಡ ಕಪ್ಪು ಕಟ್ಟಿರುವೆ ಅಥವಾ ಗೊದ್ದ ಇದೆಯಲ್ಲ, ಅದೂ ಈ ಬಡಗಿ ಇರುವೆಗಳ ಕುಲಕ್ಕೇ ಸೇರಿದ್ದು. ವಿಜ್ಞಾನಿಗಳು ಈ ಕುಲವನ್ನು ಕ್ಯಾಂಪೊನೋಟಸ್ ಎಂದು ಕರೆಯುತ್ತಾರೆ. ಪ್ರಪಂಚದಲ್ಲಿ ಇದರ ಸಾವಿರಕ್ಕೂ ಹೆಚ್ಚು ಜಾತಿಗಳಿವೆ. ಮರವನ್ನು ಕೊರೆದು ಗೂಡು ಮಾಡುವ ಜಾತಿಗಳಿಂದ ಬಡಗಿ ಎಂಬ ಹೆಸರು ಬಂದಿದೆ. ಆದರೆ ಇವು ಗೆದ್ದಲಿನಂತೆ ಮರವನ್ನು ತಿನ್ನುವುದಿಲ್ಲ, ಕೊರೆದ ಪುಡಿಯನ್ನು ಹೊರಗೆ ತಂದು ಸುರಿಯುತ್ತವೆ.

ಮನೆಯಲ್ಲಿ ಇರುವೆಗಳ ಸಂಸಾರವನ್ನು ವರ್ಷಗಟ್ಟಲೆ ಸಾಕಿ, ಅವುಗಳಿಗೆ ಪರೀಕ್ಷೆಗಳನ್ನು ಒಡ್ಡಿ, ಕಂಡದ್ದನ್ನು ದಿನದಿನವೂ ಬರೆದಿಟ್ಟು ಜಗತ್ತಿಗೆ ತಿಳಿಸಿದ ಮಹನೀಯರಲ್ಲಿ ಇಂಗ್ಲೆಂಡಿನ ಸರ್ ಜಾನ್ ಲಬಕ್ ಪ್ರಮುಖರು. ಇವರು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಹೊಟ್ಟೆಪಾಡಿನ ವೃತ್ತಿ ಬ್ಯಾಂಕಿನದು. ಇವರ ಜೀವನವನ್ನು ನಮ್ಮ ಶಾಲೆಯ ಮಕ್ಕಳು ತಿಳಿಯಬೇಕೆಂಬ ಆಸೆಯಿಂದ ಈ ಲೇಖನವನ್ನು ನಿಮ್ಮ ಮುಂದಿಡುತ್ತಿದ್ದೇವೆ.

ಕುದುರೆ ಮರಿಯ ಬದಲು ಬಂದ ನೆರೆಯವರು

ಜಾನ್ ಲಬಕ್ ಹುಟ್ಟಿದ್ದು ಲಂಡನ್ನಿನಲ್ಲಿ, 1834ರ ಏಪ್ರಿಲ್ 30ರಂದು. ತಂದೆ ಸರ್ ಜಾನ್ ವಿಲಿಯಂ ಲಬಕ್ ದೊಡ್ಡ ಬ್ಯಾಂಕರ್. ಜೊತೆಗೆ ಗಣಿತ ಮತ್ತು ಖಗೋಳಶಾಸ್ತ್ರಗಳಲ್ಲಿ ಪಂಡಿತರು. 1840ರಲ್ಲಿ ಕುಟುಂಬವು ಲಂಡನ್ನಿನ ಹೊರಗೆ ಕೆಂಟ್ ಪ್ರಾಂತದ ಹೈ ಎಲ್ಮ್ಸ್ ಎಂಬ ಎಸ್ಟೇಟಿಗೆ ಬಂದು ನೆಲೆಸಿತು.

ಬಾಲಕ ಜಾನ್‌ಗೆ ಎಂಟು ವರ್ಷವಾಗಿದ್ದಾಗ ಒಂದು ದಿನ ತಂದೆ ಮನೆಗೆ ಬಂದು, ಒಂದು ಒಳ್ಳೆಯ ಸುದ್ದಿ ಇದೆ ಎಂದರು. ತನಗೊಂದು ಕುದುರೆ ಮರಿ ತಂದುಕೊಡುತ್ತಾರೆ ಎಂದು ಹುಡುಗ ಕುಣಿದಾಡಿದ. ಆದರೆ ಸುದ್ದಿ ಬೇರೆಯೇ ಆಗಿತ್ತು. ಚಾರ್ಲ್ಸ್ ಡಾರ್ವಿನ್ ಎಂಬ ವಿಜ್ಞಾನಿಯೊಬ್ಬರು ಪಕ್ಕದ ಡೌನ್ ಹಳ್ಳಿಗೆ ವಾಸಕ್ಕೆ ಬರುತ್ತಿದ್ದಾರೆ ಎಂಬುದೇ ಆ ಸುದ್ದಿ! ಹುಡುಗನಿಗೆ ಬಹಳ ನಿರಾಸೆಯಾಯಿತು. ಆ ನೆರೆಯವರು ನೂರು ಕುದುರೆಗಳಿಗಿಂತ ಹೆಚ್ಚಿನ ಭಾಗ್ಯವಾಗುತ್ತಾರೆ ಎಂದು ಆಗ ಅವನಿಗೆ ಹೇಗೆ ತಿಳಿದೀತು?

ಡಾರ್ವಿನ್ 1842ರಲ್ಲಿ ಡೌನ್ ಹೌಸ್‌ಗೆ ಬಂದರು. ಎರಡು ಮನೆಗಳ ನಡುವೆ ನಡೆದು ಹೋಗುವಷ್ಟೇ ದೂರ. ಹುಳುಹುಪ್ಪಟೆಗಳ ಮೇಲೆ ಹುಡುಗನಿಗಿದ್ದ ಆಸಕ್ತಿಯನ್ನು ಡಾರ್ವಿನ್ ಬೇಗ ಗುರುತಿಸಿದರು. ಮಗನಿಗೆ ಒಂದು ಸೂಕ್ಷ್ಮದರ್ಶಕವನ್ನು ಕೊಡಿಸುವಂತೆ ತಂದೆಯನ್ನು ಒಪ್ಪಿಸಿದವರೂ ಅವರೇ. ದೊಡ್ಡವರೊಬ್ಬರು ಒಂದು ಮಗುವಿನ ಕುತೂಹಲವನ್ನು ಗೌರವದಿಂದ ಕಂಡರೆ ಎಂಥ ಫಲ ಸಿಗುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಹದಿನೈದು ತುಂಬುವ ಮೊದಲೇ ಬ್ಯಾಂಕಿಗೆ

ಶ್ರೀಮಂತರ ಮಕ್ಕಳಂತೆ ಜಾನ್‌ನನ್ನೂ ಪ್ರಸಿದ್ಧವಾದ ಈಟನ್ ಶಾಲೆಗೆ ಸೇರಿಸಿದರು. ಆದರೆ ಅಲ್ಲಿಯ ಓದು ಪೂರ್ತಿಯಾಗಲಿಲ್ಲ. ಬ್ಯಾಂಕಿನ ಪಾಲುದಾರರ ಆರೋಗ್ಯ ಕೆಟ್ಟು, ಕೆಲಸಕ್ಕೆ ಮನೆಯವರೊಬ್ಬರು ಬೇಕಾದರು. ಹದಿನೈದು ವರ್ಷ ತುಂಬುವ ಮೊದಲೇ ತಂದೆ ಮಗನನ್ನು ಶಾಲೆ ಬಿಡಿಸಿ ಬ್ಯಾಂಕಿಗೆ ಕರೆದುಕೊಂಡರು. ವಿಶ್ವವಿದ್ಯಾಲಯದ ಓದು ಅವನ ಪಾಲಿಗೆ ಬರಲಿಲ್ಲ.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಇಷ್ಟಪಟ್ಟದ್ದನ್ನು ಓದಲು ಆಗಲಿಲ್ಲವೆಂದು ಕೈಚೆಲ್ಲಿ ಕೂರುವುದು ಸುಲಭ. ಮನೆಯ ಜವಾಬ್ದಾರಿಯನ್ನು ಬಿಟ್ಟು ಓಡಿಹೋಗುವುದೂ ಸುಲಭ. ಆ ಹುಡುಗ ಎರಡನ್ನೂ ಮಾಡಲಿಲ್ಲ. ಹಗಲು ಬ್ಯಾಂಕಿನ ಲೆಕ್ಕಪತ್ರ, ಬೆಳಿಗ್ಗೆ ಬೇಗ ಎದ್ದು ಮತ್ತು ಸಂಜೆ ಮನೆಗೆ ಬಂದು ಸ್ವಂತ ಓದು ಎಂದು ದಿನವನ್ನು ಹಂಚಿಕೊಂಡ. ಬಿಡುವು ಸಿಕ್ಕಾಗ ಡಾರ್ವಿನ್‌ರ ಮನೆಗೆ ಹೋಗಿ ಅವರ ಕೈಕೆಳಗೆ ಕಲಿತ. ಡಾರ್ವಿನ್ ತಮ್ಮ ಸಮುದ್ರಯಾನದಲ್ಲಿ ಸಂಗ್ರಹಿಸಿ ತಂದಿದ್ದ ಸಣ್ಣ ಜಲಜೀವಿಗಳ ಬಗ್ಗೆ 1853ರಲ್ಲಿ ಲೇಖನ ಪ್ರಕಟಿಸಿದಾಗ ಲಬಕ್ ಅವರ ವಯಸ್ಸು ಹತ್ತೊಂಬತ್ತು. ಇಪ್ಪತ್ತೆರಡಕ್ಕೆ ಬ್ಯಾಂಕಿನ ಪಾಲುದಾರರಾದರು. ಇಪ್ಪತ್ತನಾಲ್ಕಕ್ಕೆ, ಅಂದರೆ 1858ರಲ್ಲಿ, ರಾಯಲ್ ಸೊಸೈಟಿಯ ಫೆಲೋ ಆದರು. ಪದವಿಯಿಲ್ಲದ ಈ ತರುಣನನ್ನು ದೇಶದ ಅತ್ಯುನ್ನತ ವಿಜ್ಞಾನ ಸಂಸ್ಥೆ ಆದರದಿಂದ ಬರಮಾಡಿಕೊಂಡಿತು. ಮುಂದೆ 1872ರಿಂದ 1880ರವರೆಗೆ ಲಂಡನ್ ವಿಶ್ವವಿದ್ಯಾಲಯಕ್ಕೆ ಇವರೇ ಉಪಕುಲಪತಿಗಳಾದದ್ದು ಇನ್ನೊಂದು ವಿಶೇಷ.

1859ರಲ್ಲಿ ಡಾರ್ವಿನ್‌ರ ಜೀವವಿಕಾಸದ ಗ್ರಂಥ ಹೊರಬಂದಾಗ ದೇಶದಲ್ಲೆಲ್ಲ ಕೋಲಾಹಲವೆದ್ದಿತು. ಮರುವರ್ಷ ಆಕ್ಸ್‌ಫರ್ಡಿನಲ್ಲಿ ನಡೆದ ಪ್ರಸಿದ್ಧ ಸಭೆಯಲ್ಲಿ ಗುರುಗಳ ಪರವಾಗಿ ಎದ್ದು ಮಾತನಾಡಿದವರಲ್ಲಿ ಇಪ್ಪತ್ತಾರು ವರ್ಷದ ಲಬಕ್ ಒಬ್ಬರು. 1865ರಲ್ಲಿ ಪ್ರಾಚೀನ ಮಾನವನ ಬಗ್ಗೆ ಅವರು ಬರೆದ ಪುಸ್ತಕ ಬಹಳ ಹೆಸರು ಮಾಡಿತು. ಹಳೆಯ ಶಿಲಾಯುಗ, ಹೊಸ ಶಿಲಾಯುಗ ಎಂದು ಸಮಾಜ ವಿಜ್ಞಾನದ ಪಾಠದಲ್ಲಿ ನೀವು ಓದುತ್ತೀರಲ್ಲ, ಆ ಎರಡು ಭಾಗಗಳಿಗೆ ಇಂಗ್ಲಿಷಿನಲ್ಲಿ ಹೆಸರು ಕೊಟ್ಟವರು ಇವರೇ.

ಗಾಜಿನ ಮನೆಯೊಳಗಿನ ಸಂಸಾರ

ಲಬಕ್ ಅವರಿಗೆ ಕೀಟಗಳೆಂದರೆ ಎಷ್ಟು ಪ್ರೀತಿ ಎಂದರೆ, 1872ರಲ್ಲಿ ಪಿರೆನೀಸ್ ಪರ್ವತಗಳಿಗೆ ಹೋದಾಗ ಅಲ್ಲಿಂದ ಒಂದು ಕಣಜವನ್ನು ತಂದು ಕೈಯಿಂದಲೇ ಉಣಿಸಿ ಸಾಕಿದರು. ಬ್ರೈಟನ್ ನಗರದ ವಿಜ್ಞಾನ ಸಭೆಗೂ ಅದನ್ನು ಕರೆದೊಯ್ದು ತೋರಿಸಿದರು.

1874ರ ಹೊತ್ತಿಗೆ ಅವರ ಗಮನ ಪೂರ್ತಿಯಾಗಿ ಇರುವೆಗಳ ಕಡೆ ಹರಿಯಿತು. ಇರುವೆಗಳ ಬದುಕು ನೆಲದ ಒಳಗೆ, ಕತ್ತಲಲ್ಲಿ. ಅಗೆದರೆ ಗೂಡು ಹಾಳು, ಅಗೆಯದಿದ್ದರೆ ಕಾಣುವುದಿಲ್ಲ. ಇದಕ್ಕೆ ಅವರು ಕಂಡುಕೊಂಡ ಉಪಾಯ ಬಹಳ ಸರಳ. ಎರಡು ಗಾಜಿನ ಹಲಗೆಗಳು. ಅವುಗಳ ನಡುವೆ ಇರುವೆ ಓಡಾಡುವಷ್ಟೇ ಸಂದು ಉಳಿಯುವಂತೆ ಅಂಚಿಗೆ ಮರದ ಪಟ್ಟಿ. ಆ ಸಂದಿನಲ್ಲಿ ನುಣ್ಣಗಿನ ತೇವದ ಮಣ್ಣು. ಬೆಳಕು ಬೀಳದಂತೆ ಮೇಲೊಂದು ಹೊದಿಕೆ. ಇರುವೆಗಳು ಮಣ್ಣಿನಲ್ಲಿ ಕೋಣೆ, ಓಣಿಗಳನ್ನು ಮಾಡಿಕೊಳ್ಳುತ್ತವೆ. ಹೊದಿಕೆ ಸರಿಸಿದರೆ ರಾಣಿ, ಮೊಟ್ಟೆ, ಮರಿಹುಳು ಎಲ್ಲವೂ ಪುಸ್ತಕದ ಹಾಳೆಯಂತೆ ಕಣ್ಣಮುಂದೆ! ಇರುವೆಗಳು ಮನೆಯಲ್ಲೆಲ್ಲ ಹರಡದಂತೆ ಗೂಡಿನ ಸುತ್ತ ನೀರಿನ ಕಾಲುವೆ. ನಮ್ಮ ಅಜ್ಜಿಯರು ತಿಂಡಿ ಪಾತ್ರೆಯನ್ನು ನೀರಿನ ತಟ್ಟೆಯೊಳಗೆ ಇಡುತ್ತಿದ್ದರಲ್ಲ, ಅದೇ ಉಪಾಯ. ವ್ಯತ್ಯಾಸವಿಷ್ಟೇ, ಅಜ್ಜಿಯದು ಇರುವೆ ಒಳಗೆ ಬರಬಾರದೆಂದು, ಲಬಕ್‌ರದು ಹೊರಗೆ ಹೋಗಬಾರದೆಂದು.

ಈ ಬಗೆಯ ಗಾಜಿನ ಗೂಡಿಗೆ ಲಬಕ್ ಗೂಡು ಎಂಬ ಹೆಸರೇ ನಿಂತಿತು. ಅವರ ಮನೆಯಲ್ಲಿ ಒಂದೇ ಕಾಲಕ್ಕೆ ಮೂವತ್ತರಿಂದ ನಲವತ್ತು ಇರುವೆ ಸಂಸಾರಗಳು ಇರುತ್ತಿದ್ದವು. ಒಂದು ಇರುವೆಯನ್ನು ಇನ್ನೊಂದರಿಂದ ಬೇರೆಯಾಗಿ ಗುರುತಿಸಲು ಬೆನ್ನ ಮೇಲೆ ಬಣ್ಣದ ಸಣ್ಣ ಚುಕ್ಕೆ ಇಡುತ್ತಿದ್ದರು. ಇಂದಿಗೂ ವಿಜ್ಞಾನಿಗಳು ಇದೇ ಹಾದಿಯಲ್ಲಿ ನಡೆಯುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ರಾಘವೇಂದ್ರ ಗದಗಕರ್ ಅವರು ಕಣಜಗಳ ಸಮಾಜವನ್ನು ದಶಕಗಳ ಕಾಲ ಅಧ್ಯಯನ ಮಾಡಿದ್ದು ಅವುಗಳಿಗೆ ಬಣ್ಣದ ಚುಕ್ಕೆ ಇಟ್ಟು ಗುರುತಿಸಿಯೇ.

ಇರುವೆಗಳಿಗೆ ಒಡ್ಡಿದ ಪರೀಕ್ಷೆಗಳು

ಇರುವೆಗಳ ಬಗ್ಗೆ ಆಗ ಹತ್ತಾರು ಕಥೆಗಳಿದ್ದವು. ಅವು ಬಹಳ ಜಾಣ, ಬಹಳ ದಯಾಳು ಎಂದೆಲ್ಲ ಜನ ಬರೆಯುತ್ತಿದ್ದರು. ಲಬಕ್ ಅವರು ಕೇಳಿದ್ದನ್ನು ಹಾಗೆಯೇ ನಂಬಲಿಲ್ಲ. ಇರುವೆಯನ್ನೇ ಕೇಳಿ ನೋಡೋಣ ಎಂದರು. ಕೇಳುವ ಬಗೆ ಹೇಗೆ? ಒಂದೊಂದು ಪ್ರಶ್ನೆಗೂ ಒಂದೊಂದು ಪ್ರಯೋಗ.

ಮೊದಲನೆಯದು ಕಿವಿಯ ಪರೀಕ್ಷೆ. ಇರುವೆಗಳ ಬಳಿ ಪೀಪಿ ಊದಿದರು, ಸೀಟಿ ಹೊಡೆದರು, ಪಿಟೀಲು ನುಡಿಸಿದರು. ಇರುವೆಗಳು ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿದ್ದವು. ಗಾಳಿಯಲ್ಲಿ ಬರುವ ನಮ್ಮ ಸದ್ದು ಅವುಗಳಿಗೆ ಲೆಕ್ಕಕ್ಕಿಲ್ಲ ಎಂದಾಯಿತು. ನಿಂತ ನೆಲದ ಅದುರುವಿಕೆಯನ್ನು ಅವು ಕಾಲುಗಳಿಂದ ಚೆನ್ನಾಗಿ ಅರಿಯುತ್ತವೆ ಎಂದು ಈಗ ನಮಗೆ ತಿಳಿದಿದೆ.

ಎರಡನೆಯದು ಕಣ್ಣಿನ ಪರೀಕ್ಷೆ. ಗೂಡಿನ ಹೊದಿಕೆ ತೆಗೆದರೆ ಇರುವೆಗಳು ಮರಿಗಳನ್ನು ಎತ್ತಿಕೊಂಡು ಕತ್ತಲಿರುವ ಕಡೆಗೆ ಓಡುತ್ತವೆ. ಲಬಕ್ ಗೂಡಿನ ಮೇಲೆ ಬೇರೆ ಬೇರೆ ಬಣ್ಣದ ಗಾಜುಗಳನ್ನು ಇಟ್ಟರು. ನಮ್ಮ ಕಣ್ಣಿಗೆ ನೇರಳೆ ಗಾಜಿನ ಕೆಳಗೆ ಹೆಚ್ಚು ಕತ್ತಲು ಕಾಣುತ್ತದೆ. ಆದರೆ ಇರುವೆಗಳು ನೇರಳೆಯನ್ನು ಬಿಟ್ಟು ಕೆಂಪು ಗಾಜಿನ ಕೆಳಗೆ ಗುಂಪುಗೂಡಿದವು. ಹಾಗಾದರೆ ನೇರಳೆಯ ಕಡೆ ಅವುಗಳಿಗೆ ಏನೋ ಕಾಣುತ್ತಿರಬೇಕಲ್ಲವೇ? ಲಬಕ್ ಬಿಸಿಲನ್ನು ಪಟ್ಟಕದ ಮೂಲಕ ಹಾಯಿಸಿ ಕಾಮನಬಿಲ್ಲಿನ ಬಣ್ಣಗಳನ್ನು ಗೂಡಿನ ಮೇಲೆ ಬೀಳಿಸಿದರು. ನೇರಳೆ ಬಣ್ಣ ಮುಗಿದ ಮೇಲೆ ನಮ್ಮ ಕಣ್ಣಿಗೆ ಏನೂ ಇಲ್ಲದ ಜಾಗದಿಂದಲೂ ಇರುವೆಗಳು ಮರಿಗಳನ್ನು ಎತ್ತಿ ಸಾಗಿಸಿದವು! ನಾವು ಕಾಣಲಾರದ ನೇರಳಾತೀತ ಕಿರಣಗಳನ್ನು ಇರುವೆಗಳು ಅರಿಯುತ್ತವೆ ಎಂದು ಹೀಗೆ ಸಿದ್ಧವಾಯಿತು. ನಾವು ಕಾಣುವ ಜಗತ್ತೇ ಪೂರ್ಣ ಜಗತ್ತಲ್ಲ ಎಂಬ ದೊಡ್ಡ ಪಾಠವನ್ನು ಕಡಲೆಗಿಂತ ಚಿಕ್ಕ ಜೀವಿಯೊಂದು ಮನುಷ್ಯನಿಗೆ ಕಲಿಸಿತು.

ಮೂರನೆಯದು ತನ್ನವರನ್ನು ಗುರುತಿಸುವ ಪರೀಕ್ಷೆ. ಒಂದು ಗೂಡಿನ ಇರುವೆಗಳು ಪರಸ್ಪರ ಏನಾದರೂ ಗುಟ್ಟಿನ ಸಂಕೇತ ಮಾಡಿಕೊಳ್ಳುತ್ತವೆಯೇ ಎಂಬುದು ಪ್ರಶ್ನೆ. ಲಬಕ್ ಕೆಲವು ಇರುವೆಗಳಿಗೆ ಮದ್ಯದ ಅಮಲು ಬರಿಸಿದರು. ಮೈಮೇಲೆ ಎಚ್ಚರವಿಲ್ಲದ ಇರುವೆ ಸಂಕೇತ ಮಾಡುವುದಾದರೂ ಹೇಗೆ? ಅಮಲೇರಿದ ಸ್ವಂತ ಗೂಡಿನವರನ್ನೂ ಪರಗೂಡಿನವರನ್ನೂ ಒಟ್ಟಿಗೆ ಇಟ್ಟು ನೋಡಿದರು. ಇರುವೆಗಳು ಮೊದಲು ಗಲಿಬಿಲಿಗೊಂಡವು. ಆಮೇಲೆ ತಮ್ಮವರಲ್ಲಿ ಹೆಚ್ಚಿನವರನ್ನು ಎತ್ತಿಕೊಂಡು ಗೂಡಿಗೆ ಹೋದವು. ಪರಕೀಯರಲ್ಲಿ ಹೆಚ್ಚಿನವರನ್ನು ಒಯ್ದು ಕಾಲುವೆಯ ನೀರಿಗೆ ಎಸೆದವು. ಒಂದು ವರ್ಷಕ್ಕೂ ಹೆಚ್ಚು ಕಾಲ ಬೇರೆ ಇಟ್ಟಿದ್ದ ಇರುವೆಯನ್ನು ಮರಳಿ ಗೂಡಿಗೆ ಬಿಟ್ಟಾಗಲೂ ಬಂಧುಗಳು ಅದನ್ನು ಶಾಂತವಾಗಿ ಒಳಗೆ ಸೇರಿಸಿಕೊಂಡವು. ಗೂಡಿನ ಪ್ರತಿಯೊಬ್ಬರ ಮೈಮೇಲೂ ಆ ಗೂಡಿನದೇ ಆದ ವಾಸನೆಯ ಗುರುತು ಇರುತ್ತದೆ ಎಂಬುದು ಮುಂದೆ ಸ್ಪಷ್ಟವಾಯಿತು.

ಇನ್ನು ಜಾಣತನ. ಜೇನುತುಪ್ಪಕ್ಕೂ ಇರುವೆಗಳಿಗೂ ನಡುವೆ ಬೆರಳಿನ ಅರ್ಧ ಅಗಲದಷ್ಟೂ ಇಲ್ಲದ ಸಂದು ಬಿಟ್ಟರು. ಪಕ್ಕದಲ್ಲೇ ಮಣ್ಣಿತ್ತು. ಒಂದಿಷ್ಟು ಮಣ್ಣು ತಳ್ಳಿ ಗುಡ್ಡೆ ಮಾಡಿದ್ದರೆ ದಾಟಬಹುದಿತ್ತು. ಸದಾ ಮಣ್ಣಿನ ಕೆಲಸ ಮಾಡುವ ಇರುವೆಗಳಿಗೆ ಅದು ಹೊಳೆಯಲೇ ಇಲ್ಲ. ಕಷ್ಟದಲ್ಲಿ ಸಿಕ್ಕಿಬಿದ್ದ ಗೆಳೆಯರನ್ನು ಅವು ಎಷ್ಟೋ ಸಲ ಕಣ್ಣೆತ್ತಿಯೂ ನೋಡಲಿಲ್ಲ. ಇದನ್ನೂ ಲಬಕ್ ಮುಚ್ಚಿಡದೆ ಬರೆದರು. ಆದರೆ ಒಮ್ಮೆ, ಹುಟ್ಟಿನಿಂದಲೇ ಕುಡಿಮೀಸೆಗಳಿಲ್ಲದ ಒಂದು ಅಂಗವಿಕಲ ಇರುವೆ ಹೊರಗೆ ಬಂದು ಬೇರೆ ಜಾತಿಯ ಇರುವೆಯಿಂದ ಕಚ್ಚಿಸಿಕೊಂಡು ಬಿದ್ದಿತ್ತು. ಅದರ ಗೂಡಿನ ಇನ್ನೊಂದು ಇರುವೆ ಹತ್ತಿರ ಬಂದು, ಮುಟ್ಟಿ ಪರೀಕ್ಷಿಸಿ, ಮೆಲ್ಲಗೆ ಎತ್ತಿಕೊಂಡು ಮನೆಗೆ ಹೊತ್ತೊಯ್ದಿತು. ಇದನ್ನೂ ಅಷ್ಟೇ ನಿಷ್ಠೆಯಿಂದ ಬರೆದಿಟ್ಟರು. ತನಗೆ ಬೇಕಾದ ಉತ್ತರವನ್ನಲ್ಲ, ಕಂಡ ಉತ್ತರವನ್ನು ಬರೆಯುವವನೇ ನಿಜವಾದ ವಿದ್ಯಾರ್ಥಿ.

ಇನ್ನೊಂದು ಸುಂದರವಾದ ಸಂಗತಿ. ಹಳದಿ ಇರುವೆಗಳು ಗಿಡಗಳ ಹೇನುಗಳನ್ನು ಹಸುಗಳಂತೆ ಸಾಕಿ ಅವುಗಳ ಸಿಹಿರಸವನ್ನು ಕುಡಿಯುತ್ತವೆ. ಆ ಹೇನುಗಳ ಮೊಟ್ಟೆಗಳನ್ನು ಇರುವೆಗಳು ಅಕ್ಟೋಬರಿನಿಂದ ಮಾರ್ಚ್‌ವರೆಗೆ, ಚಳಿಗಾಲವೆಲ್ಲ, ತಮ್ಮ ಗೂಡಿನಲ್ಲಿ ಜೋಪಾನ ಮಾಡಿ, ವಸಂತದಲ್ಲಿ ಮರಿಗಳನ್ನು ಗಿಡದ ಮೇಲೆ ತಂದು ಬಿಡುವುದನ್ನು ಲಬಕ್ ಕಂಡರು. ಇಂದಿನ ಉಪಯೋಗಕ್ಕೆ ಬಾರದ, ಆರು ತಿಂಗಳ ನಂತರದ ಫಲಕ್ಕಾಗಿ ದುಡಿಯುವ ಜೀವಿಗಳವು.

1882ರಲ್ಲಿ ಇರುವೆ, ಜೇನ್ನೊಣ ಮತ್ತು ಕಣಜಗಳ ಕುರಿತ ಅವರ ಪುಸ್ತಕ ಪ್ರಕಟವಾಗಿ ಮತ್ತೆ ಮತ್ತೆ ಮುದ್ರಣ ಕಂಡಿತು.

ರಾಣಿಯ ದೀರ್ಘಾಯುಷ್ಯ

1874ರಲ್ಲಿ ಲಬಕ್ ತಂದ ಎರಡು ರಾಣಿ ಇರುವೆಗಳ ಕಥೆಯನ್ನು ಹೇಳದಿದ್ದರೆ ಈ ಲೇಖನ ಪೂರ್ತಿಯಾಗದು. ಆ ಕಾಲದಲ್ಲಿ ಇರುವೆಗಳ ಆಯುಷ್ಯ ಒಂದು ವರ್ಷ ಎಂದು ಸಾಮಾನ್ಯವಾಗಿ ತಿಳಿಯಲಾಗಿತ್ತು. ಲಬಕ್‌ರ ಗೂಡಿನಲ್ಲಿ ಕೆಲಸಗಾರ ಇರುವೆಗಳೇ ಏಳು ವರ್ಷ ಬದುಕಿದವು. ರಾಣಿಯರು ಹತ್ತು ವರ್ಷ ದಾಟಿದರು. ಒಬ್ಬಳು 1887ರಲ್ಲಿ ಸತ್ತಳು. ಇನ್ನೊಬ್ಬಳು 1888ರ ಆಗಸ್ಟಿನವರೆಗೆ, ಸುಮಾರು ಹದಿನೈದು ವರ್ಷಗಳ ಕಾಲ ಬಾಳಿದಳು.

ಆ ಹದಿನಾಲ್ಕು ವರ್ಷಗಳಲ್ಲಿ ಲಬಕ್‌ರ ಬದುಕಿನಲ್ಲಿ ಏನೆಲ್ಲ ಆಯಿತು! 1879ರಲ್ಲಿ ಪತ್ನಿ ಎಲೆನ್ ತೀರಿಕೊಂಡರು. 1880ರ ಚುನಾವಣೆಯಲ್ಲಿ ತಮ್ಮ ಕ್ಷೇತ್ರದಲ್ಲಿ ಸೋತರು, ಮತ್ತೆ ಲಂಡನ್ ವಿಶ್ವವಿದ್ಯಾಲಯದ ಪ್ರತಿನಿಧಿಯಾಗಿ ಪಾರ್ಲಿಮೆಂಟಿಗೆ ಬಂದರು. 1882ರಲ್ಲಿ ಗುರು ಡಾರ್ವಿನ್ ನಿಧನರಾದರು. ಅವರನ್ನು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ಮಾಡಬೇಕೆಂದು ಪಾರ್ಲಿಮೆಂಟ್ ಸದಸ್ಯರ ಸಹಿ ಸಂಗ್ರಹಿಸಿ ಮನವಿ ಸಲ್ಲಿಸಿದವರಲ್ಲಿ ಲಬಕ್ ಮುಂದಾಳು. ಶವಯಾತ್ರೆಯಲ್ಲಿ ಹೆಗಲು ಕೊಟ್ಟ ಗಣ್ಯರಲ್ಲಿಯೂ ಅವರೊಬ್ಬರು. ಈ ಎಲ್ಲ ಸುಖದುಃಖಗಳ ನಡುವೆ ಗಾಜಿನ ಗೂಡಿಗೆ ನೀರು, ಜೇನು ತಪ್ಪಲಿಲ್ಲ. ಸಾಕುವುದೆಂದರೆ ಇದೇ ಅಲ್ಲವೇ? ಒಂದು ದಿನದ ಉತ್ಸಾಹ ಎಲ್ಲರಿಗೂ ಇರುತ್ತದೆ, ಹದಿನಾಲ್ಕು ವರ್ಷದ ಕಾಳಜಿ ಕೆಲವರಿಗೆ ಮಾತ್ರ. ಮುಂದಿನ ಕಾಲದಲ್ಲಿ ಸ್ವಿಟ್ಜರ್‌ಲೆಂಡಿನ ಹರ್ಮನ್ ಕುಟರ್ ಸಾಕಿದ ಕಪ್ಪು ಇರುವೆಯ ರಾಣಿಯೊಂದು 28 ವರ್ಷಕ್ಕೂ ಹೆಚ್ಚು ಕಾಲ ಬದುಕಿ ಈ ದಾಖಲೆಯನ್ನು ಮುರಿಯಿತು.

ದುಡಿಯುವವರಿಗೆ ರಜೆ ಕೊಡಿಸಿದವರು

ಲಬಕ್ ಗಮನಿಸಿದ ಒಂದು ಇರುವೆ ಬೆಳಿಗ್ಗೆ ಆರು ಗಂಟೆಯಿಂದ ರಾತ್ರಿ ಹತ್ತರವರೆಗೆ ಬಿಡದೆ ದುಡಿದು 187 ಮರಿಹುಳುಗಳನ್ನು ಗೂಡಿಗೆ ಹೊತ್ತಿತ್ತು. ಇರುವೆಯಂತೆ ದುಡಿಯಿರಿ ಎಂದು ನಾವು ಶಿಕ್ಷಕರು ಮಕ್ಕಳಿಗೆ ಹೇಳುವುದುಂಟು. ಆದರೆ ಇರುವೆಯ ದುಡಿಮೆಯನ್ನು ಕಣ್ಣಾರೆ ಕಂಡ ಈ ಮನುಷ್ಯ, ಜನರು ಇರುವೆಗಳಂತೆ ದುಡಿಯಬಾರದು ಎಂದು ಜೀವಮಾನವಿಡೀ ಹೋರಾಡಿದರು ಎಂಬುದು ಬಹಳ ವಿಶೇಷ.

1870ರಲ್ಲಿ ಪಾರ್ಲಿಮೆಂಟಿಗೆ ಆಯ್ಕೆಯಾದ ಲಬಕ್ ಮರುವರ್ಷವೇ ಬ್ಯಾಂಕ್ ರಜಾ ಕಾಯಿದೆಯನ್ನು ತಂದರು. 1871ರ ಆ ಕಾಯಿದೆಯಿಂದ ಇಂಗ್ಲೆಂಡಿಗೆ ವರ್ಷದಲ್ಲಿ ನಾಲ್ಕು ಹೊಸ ರಜಾದಿನಗಳು ದೊರೆತವು. ಹೆಸರಿಗೆ ಬ್ಯಾಂಕಿನ ರಜೆಯಾದರೂ ಅಂಗಡಿ, ಕಾರ್ಖಾನೆಗಳೂ ಬಾಗಿಲು ಹಾಕತೊಡಗಿದವು. ಆಗಸ್ಟ್ ತಿಂಗಳ ಮೊದಲ ಸೋಮವಾರ ಸಂಸಾರ ಸಮೇತ ಕಡಲತೀರಕ್ಕೆ ಹೋದ ಸಾಮಾನ್ಯ ಜನ, ಪ್ರೀತಿಯಿಂದ ಅದನ್ನು ಸಂತ ಲಬಕ್‌ರ ಹಬ್ಬವೆಂದೇ ಕರೆದರು! ಬ್ಯಾಂಕಿಗೆ ರಜೆ ಎಂದರೆ ನಮಗೆಲ್ಲ ಈಗಲೂ ಸಂತೋಷ. ಆ ಪದದ ಹಿಂದೆ ಈ ಇರುವೆ ಪ್ರೇಮಿ ಇದ್ದಾರೆ ಎಂದು ನೆನಪಿಟ್ಟುಕೊಳ್ಳೋಣ.

ಅಂಗಡಿಗಳಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರು ಆಗ ವಾರಕ್ಕೆ 80 ಗಂಟೆಗೂ ಹೆಚ್ಚು ಹೊತ್ತು ನಿಂತೇ ದುಡಿಯುತ್ತಿದ್ದರು. ಹದಿನೈದು ತುಂಬುವ ಮುನ್ನ ಕೆಲಸಕ್ಕೆ ಸೇರಿದ ಲಬಕ್‌ರಿಗೆ ಎಳೆಯರ ದುಡಿಮೆಯ ಅರಿವಿತ್ತು. ವರ್ಷಗಳ ಪ್ರಯತ್ನದ ನಂತರ 1886ರಲ್ಲಿ ಹದಿನೆಂಟು ವರ್ಷದೊಳಗಿನವರನ್ನು ವಾರಕ್ಕೆ 74 ಗಂಟೆಗಿಂತ ಹೆಚ್ಚು ದುಡಿಸಬಾರದೆಂಬ ಕಾಯಿದೆ ಬಂತು. ಈಗ ನೋಡಿದರೆ 74 ಗಂಟೆಯೂ ಕ್ರೂರವೇ. ಆದರೆ ಯಾವ ಮಿತಿಯೂ ಇಲ್ಲದ ಕಡೆ ಮೊದಲ ಗೆರೆ ಎಳೆಯುವುದೇ ಕಷ್ಟದ ಕೆಲಸ.

ಏವ್‌ಬರಿ ಎಂಬ ಹಳ್ಳಿಯಲ್ಲಿ ಸಾವಿರಾರು ವರ್ಷಗಳಷ್ಟು ಹಳೆಯ ಬೃಹತ್ ಕಲ್ಲುಗಳ ವೃತ್ತವಿದೆ. ಅಲ್ಲಿ ಮನೆಗಳನ್ನು ಕಟ್ಟಲು ಹೊರಟಾಗ ಲಬಕ್ ತಮ್ಮ ಸ್ವಂತ ಹಣದಿಂದ ಆ ಜಮೀನನ್ನೇ ಕೊಂಡು ಕಲ್ಲುಗಳನ್ನು ಉಳಿಸಿದರು. ಪುರಾತನ ಸ್ಮಾರಕಗಳ ರಕ್ಷಣೆಗೆ 1873ರಿಂದ ಮಸೂದೆ ಮಂಡಿಸುತ್ತಾ, ಸೋಲುತ್ತಾ, 1882ರಲ್ಲಿ ಕೊನೆಗೂ ಕಾಯಿದೆ ಪಡೆದರು. 1900ರಲ್ಲಿ ಸರ್ಕಾರ ಪ್ರಭು ಪದವಿ ಕೊಟ್ಟಾಗ ಲಾರ್ಡ್ ಏವ್‌ಬರಿ ಎಂದು ಆ ಹಳ್ಳಿಯ ಹೆಸರನ್ನೇ ಇಟ್ಟುಕೊಂಡರು. ಏವ್‌ಬರಿಯ ಕಲ್ಲುಗಳೂ ನಮ್ಮ ಹಂಪೆಯೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಒಂದೇ ವರ್ಷ, 1986ರಲ್ಲಿ.

ದೀಪದ ಕೆಳಗಿನ ಕತ್ತಲೆ

ದೊಡ್ಡವರ ಜೀವನ ಬರೆಯುವಾಗ ಒಳ್ಳೆಯದನ್ನಷ್ಟೇ ಬರೆಯುವುದು ವಾಡಿಕೆ. ಆದರೆ ಕಂಡದ್ದನ್ನೆಲ್ಲ ಬರೆಯಬೇಕೆಂದು ಕಲಿಸಿದವರೇ ಲಬಕ್. ಆದ್ದರಿಂದ ಇದನ್ನೂ ಹೇಳಬೇಕು. ಪ್ರಾಚೀನ ಮಾನವನ ಕುರಿತ ಪುಸ್ತಕಗಳಲ್ಲಿ ಅವರು ಆಫ್ರಿಕಾ, ಆಸ್ಟ್ರೇಲಿಯಾ, ಅಮೆರಿಕ, ಏಷ್ಯಾ ಖಂಡಗಳ ಎಷ್ಟೋ ಜನಾಂಗಗಳನ್ನು ಅನಾಗರಿಕರೆಂದು ಕರೆದು ಯುರೋಪಿನವರಿಗಿಂತ ಕೆಳಗಿನ ಮೆಟ್ಟಿಲಿನಲ್ಲಿ ಕೂರಿಸಿದರು. ಆ ಜನರನ್ನು ಅವರು ಹತ್ತಿರದಿಂದ ಕಂಡಿರಲಿಲ್ಲ. ಪ್ರವಾಸಿಗರು ಬರೆದ ಮಾತುಗಳೇ ಅವರಿಗೆ ಆಧಾರವಾಗಿದ್ದವು. ಒಂದು ಇರುವೆಯ ವಿಷಯದಲ್ಲಿ ಯಾರ ಮಾತನ್ನೂ ನಂಬದೆ ತಾವೇ ಕುಳಿತು ಹಗಲೆಲ್ಲ ನೋಡಿದ ಮನುಷ್ಯ, ಮನುಷ್ಯರ ವಿಷಯದಲ್ಲಿ ಆ ತಾಳ್ಮೆ ತೋರಲಿಲ್ಲ. ಅದು ಆ ಕಾಲದ ಸಾಮಾನ್ಯ ನಂಬಿಕೆ ಎಂದು ಹೇಳಿ ಸುಮ್ಮನಾಗಬಹುದು. ಆದರೆ ಪರದೇಶದಲ್ಲಿ ಬಾಳುವ ನಮಗೆ, ಹತ್ತಾರು ದೇಶಗಳ ಜನರ ನಡುವೆ ದಿನ ಕಳೆಯುವ ನಮಗೆ, ಇದು ದೊಡ್ಡ ಎಚ್ಚರಿಕೆ. ಪಕ್ಕದ ಮನೆಯವರ ಬಗ್ಗೆ ನಾವು ನಂಬಿರುವುದರಲ್ಲಿ ಕಣ್ಣಾರೆ ಕಂಡದ್ದೆಷ್ಟು, ಯಾರೋ ಹೇಳಿದ್ದೆಷ್ಟು?

ಇದೇ ಲಬಕ್, 1886ರಲ್ಲಿ ಕಾರ್ಮಿಕರ ಕಾಲೇಜಿನಲ್ಲಿ ಭಾಷಣ ಮಾಡಿ, ಎಲ್ಲರೂ ಓದಬೇಕಾದ ನೂರು ಪುಸ್ತಕಗಳ ಪಟ್ಟಿ ಕೊಟ್ಟಾಗ ರಾಮಾಯಣ, ಮಹಾಭಾರತ ಮತ್ತು ಕಾಳಿದಾಸನ ಶಾಕುಂತಲವನ್ನು ಅದರಲ್ಲಿ ಸೇರಿಸಿದ್ದರು. ಓದಿ ನೋಡಿದ ಕಡೆ ಅವರ ಕಣ್ಣು ತೆರೆದಿತ್ತು, ನೋಡದ ಕಡೆ ಮುಚ್ಚಿತ್ತು ಎಂದುಕೊಳ್ಳಬಹುದು.

1913ರ ಮೇ 28ರಂದು, 79ನೆಯ ವಯಸ್ಸಿನಲ್ಲಿ, ಕೆಂಟ್ ಕಡಲತೀರದ ಕಿಂಗ್ಸ್‌ಗೇಟ್‌ನಲ್ಲಿ ಲಬಕ್ ನಿಧನರಾದರು. ಅವರ ಹೈ ಎಲ್ಮ್ಸ್ ಮನೆ 1967ರಲ್ಲಿ ಬೆಂಕಿಗೆ ಆಹುತಿಯಾಯಿತು. ಅದರ ಸುತ್ತಲಿನ ಕಾಡು, ತೋಟಗಳು ಈಗ ಸಾರ್ವಜನಿಕರಿಗೆ ತೆರೆದಿರುವ ಉದ್ಯಾನ.

ನಾವೂ ಸಾಕಬಹುದೇ?

ಈ ಕಥೆ ಕೇಳಿದ ಮಕ್ಕಳೆಲ್ಲ ಕೇಳುವ ಪ್ರಶ್ನೆ ಇದು. ಬಡಗಿ ಇರುವೆ ಸಾಕುವ ಹವ್ಯಾಸಿಗಳು ಮಾಡುವುದು ಹೀಗೆ. ರೆಕ್ಕೆಯಿರುವ ರಾಣಿ ಜೋಡಿಯಾಗಿ ನೆಲಕ್ಕಿಳಿದು ರೆಕ್ಕೆ ಉದುರಿಸಿಕೊಂಡಾಗ ಅವಳನ್ನು ಹಿಡಿದು, ಒಂದು ಗಾಜಿನ ಪ್ರನಾಳದಲ್ಲಿ ಇಡುತ್ತಾರೆ. ಪ್ರನಾಳದ ತಳದಲ್ಲಿ ನೀರು, ಅದರ ಮೇಲೆ ಹತ್ತಿ, ರಾಣಿಗೆ ಜಾಗ, ಬಾಯಿಗೆ ಮತ್ತೆ ಹತ್ತಿ. ಆಮೇಲೆ ಕತ್ತಲಲ್ಲಿ ಅಲುಗಾಡದಂತೆ ಇಟ್ಟುಬಿಡುತ್ತಾರೆ. ರಾಣಿ ಏನನ್ನೂ ತಿನ್ನುವುದಿಲ್ಲ. ಇನ್ನು ಬೇಡವಾದ ರೆಕ್ಕೆಯ ಸ್ನಾಯುಗಳನ್ನೂ ಮೈಯ ಕೊಬ್ಬನ್ನೂ ಕರಗಿಸಿಕೊಂಡು ಮೊದಲ ಮಕ್ಕಳಿಗೆ ಉಣಿಸುತ್ತಾಳೆ. ಆ ಮಕ್ಕಳು ಬೆಳೆದು ಹೊರಗೆ ಬಂದ ಮೇಲೆ ಜೇನಿನ ಹನಿ, ಸಣ್ಣ ಹುಳು ಕೊಟ್ಟರೆ ಸಾಕು. ಬಡಗಿ ಇರುವೆಗಳ ಸಂಸಾರ ನಿಧಾನವಾಗಿ ಬೆಳೆಯುತ್ತದೆ. ಆತುರಪಟ್ಟು ದಿನಕ್ಕೆ ಹತ್ತು ಸಲ ಅಲುಗಾಡಿಸಿ ನೋಡುವವರ ರಾಣಿ ಉಳಿಯುವುದಿಲ್ಲ.

ಒಂದು ಮಾತು ಮುಖ್ಯ. ಇರುವೆಗಳನ್ನು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಒಯ್ಯಬಾರದು. ಪರದೇಶದ ಇರುವೆ ತಪ್ಪಿಸಿಕೊಂಡರೆ ಅಲ್ಲಿಯ ಜೀವಿಗಳಿಗೆ ಕಂಟಕವಾಗಬಹುದು. 2025ರಲ್ಲಿ ಕೆನ್ಯಾ ದೇಶದಿಂದ ಸಾವಿರಾರು ರಾಣಿ ಇರುವೆಗಳನ್ನು ಕದ್ದು ಸಾಗಿಸಲು ಯತ್ನಿಸಿದವರಿಗೆ ನ್ಯಾಯಾಲಯ ಭಾರಿ ದಂಡ ವಿಧಿಸಿತು. ರಜೆಯಲ್ಲಿ ಊರಿಗೆ ಹೋದಾಗ ಅಲ್ಲಿನ ಕಟ್ಟಿರುವೆಯನ್ನು ಅಲ್ಲಿಯೇ, ಮಾವಿನ ಮರದ ಬುಡದಲ್ಲೇ ಕುಳಿತು ನೋಡಿದರೆ ಸಾಕು. ದೊಡ್ಡ ತಲೆಯವು ಎಷ್ಟು, ಸಣ್ಣ ತಲೆಯವು ಎಷ್ಟು? ಎದುರಾದಾಗ ಮೀಸೆ ಮುಟ್ಟಿಸುತ್ತವೆಯೇ? ಬಾಯಲ್ಲಿ ಏನಿದೆ? ಒಂದು ನೋಟ್ ಪುಸ್ತಕ, ಒಂದು ಪೆನ್ಸಿಲ್ ಇದ್ದರೆ ಪ್ರಯೋಗಶಾಲೆ ಸಿದ್ಧ.

ಪೋಷಕರಲ್ಲಿಯೂ ಒಂದು ವಿನಂತಿ. ಮಗು ಗೋಡೆಯ ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಇರುವೆ ಸಾಲು ನೋಡುತ್ತಿದ್ದರೆ, ಹೋಂವರ್ಕ್ ಆಯಿತೇ ಎಂದು ಕೇಳುವ ಮೊದಲು ಐದು ನಿಮಿಷ ಕಾಯೋಣ. ಡಾರ್ವಿನ್‌ರಂಥ ನೆರೆಯವರು ಎಲ್ಲ ಮಕ್ಕಳಿಗೂ ಸಿಗುವುದಿಲ್ಲ. ಆದರೆ ಪಕ್ಕದಲ್ಲಿ ಕುಳಿತು, ಏನು ಕಾಣಿಸುತ್ತಿದೆ ಮಗೂ ಎಂದು ಕೇಳುವ ಒಬ್ಬ ಹಿರಿಯರು ಸಿಕ್ಕರೆ ಅದೇ ದೊಡ್ಡ ಸೂಕ್ಷ್ಮದರ್ಶಕ.